ಕಾರ್ಡಿನ ಬೆನ್ನಿಗೆ ಬೆಲೆ ಬರೆಯೋಣ

ಕೊಪ್ಪಳ ಜಿಲ್ಲೆಯಲ್ಲಿ ಪ್ರದರ್ಶನ ಮಳಿಗೆಗಳಿಗೆ ಬರವಿಲ್ಲ. ಗವಿಮಠದ ಜಾತ್ರೆ, ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಮಹಿಳಾ ಸಂಘಗಳ ಮೇಳ, ಕಾಲೇಜಿನ ವಾರ್ಷಿಕೋತ್ಸವದ ಪಕ್ಕದಲ್ಲೊಂದು ಶಾಮಿಯಾನ. ಎಲ್ಲಿಗೇ ಹೋಗಿ, ಶೇಂಗಾ ಹೋಳಿಗೆ, ಉಪ್ಪಿನಕಾಯಿ, ಕೌದಿ, ಬಳೆಗಳ ನಡುವೆ ಒಂದು ಟೇಬಲ್ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಕೈಯಿಂದ ಮಾಡಿದ ಗ್ರೀಟಿಂಗ್ ಕಾರ್ಡುಗಳು. ಹಿಂದೆ ಇಬ್ಬರು ಮೂವರು ಹುಡುಗಿಯರು, ಒಮ್ಮೊಮ್ಮೆ ಒಬ್ಬ ಹುಡುಗ. ಬಂದವರು ಒಂದು ಕಾರ್ಡು ಎತ್ತಿಕೊಳ್ಳುತ್ತಾರೆ, ತಿರುಗಿಸಿ ನೋಡುತ್ತಾರೆ, "ಭಾಳ ಚಂದ ಮಾಡೀರಿ" ಅನ್ನುತ್ತಾರೆ, ಇದ್ದಲ್ಲೇ ಇಟ್ಟು ಮುಂದೆ ಹೋಗುತ್ತಾರೆ. ಸಂಜೆ ಹೊತ್ತಿಗೆ ಹೋಳಿಗೆಯ ಡಬ್ಬಿ ಖಾಲಿ. ಕಾರ್ಡಿನ ಡಬ್ಬಿ ಬಂದ ಹಾಗೇ ಮನೆಗೆ.

ಇದಕ್ಕೆ ಎಲ್ಲರ ಬಳಿಯೂ ಒಂದೇ ಉತ್ತರ ಸಿದ್ಧವಿದೆ: ವಾಟ್ಸ್‌ಆ್ಯಪ್ ಬಂದ ಮೇಲೆ ಕಾರ್ಡು ಯಾರಿಗೆ ಬೇಕು? ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಹೊಸ ವರ್ಷಕ್ಕೆ, ಸಂಕ್ರಾಂತಿಗೆ ಬುಕ್ ಸ್ಟಾಲಿನ ಮುಂದೆ ದಾರಕ್ಕೆ ನೇತುಹಾಕಿದ ಕಾರ್ಡುಗಳನ್ನು ಆರಿಸಿ ಅಂಚೆಗೆ ಹಾಕುತ್ತಿದ್ದ ಕಾಲ ಮುಗಿದಿದೆ. ಆದರೆ ಉಳಿದರ್ಧ ಸತ್ಯ ಟೇಬಲ್ಲಿನ ಮೇಲೇ ಇದೆ. ಆ ಕಾರ್ಡುಗಳನ್ನು ತಿರುಗಿಸಿ ನೋಡಿ. ಹತ್ತರಲ್ಲಿ ಎಂಟಕ್ಕೆ ಬೆಲೆಯೇ ಬರೆದಿರುವುದಿಲ್ಲ. "ಎಷ್ಟರೀ ಇದು?" ಎಂದು ಕೇಳಿದರೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಉತ್ತರ ಬರುತ್ತದೆ: "ನೀವ ನೋಡಿ ಕೊಡ್ರಿ."

ಈ ಮೂರು ಮಾತಿನ ಬಗ್ಗೆಯೇ ನಾನು ಬರೆಯುತ್ತಿದ್ದೇನೆ. "ನೀವೇ ನೋಡಿ ಕೊಡಿ" ಎಂಬುದು ಸಂಕೋಚದ ಮಾತಿನ ಹಾಗೆ ಕೇಳಿಸುತ್ತದೆ. ಅದರ ಒಳಗಿನ ಅರ್ಥ ಬೇರೆ. ನನ್ನ ಹೊತ್ತಿಗೆ ಎಷ್ಟು ಬೆಲೆ ಎಂದು ನಾನು ಯೋಚಿಸಿಲ್ಲ, ಅದನ್ನು ನೀವೇ ತೀರ್ಮಾನಿಸಿ ಎಂದು ಹೇಳಿದ ಹಾಗೆ. ಡಿಗ್ರಿ ಮುಗಿಸಿ, ಮುಂದಿನ ನೋಟಿಫಿಕೇಶನ್‌ಗೆ ಕಾಯುತ್ತ, ಮನೆಯಲ್ಲಿ "ಏನ್ ಮಾಡ್ಲಿಕ್ಕತ್ತೀ?" ಎಂಬ ಪ್ರಶ್ನೆಗೆ ದಿನಾ ಉತ್ತರ ಹುಡುಕುತ್ತಿರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಇವತ್ತು ಕಾರ್ಡಿಗೆ ಬೆಲೆ ಹೇಳಲು ನಾಚುವವರು ನಾಳೆ ಸಂದರ್ಶನದಲ್ಲಿ ಸಂಬಳ ಕೇಳುವಾಗಲೂ "ನೀವೇ ನೋಡಿ ಕೊಡಿ" ಅನ್ನುತ್ತಾರೆ.

ಒಂದು ಕಾರ್ಡಿನ ಲೆಕ್ಕ

ಮೊದಲು ಲೆಕ್ಕ ಹಾಕೋಣ. ಲೆಕ್ಕಕ್ಕೆ ಒಂದು ಅಳತೆಗೋಲು ಬೇಕು. ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಅಳತೆಗೋಲು ಉದ್ಯೋಗ ಖಾತ್ರಿಯ ಕೂಲಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಅದು ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಯಿತು. ದಿನಕ್ಕೆ ಎಂಟು ತಾಸು ಎಂದು ಹಿಡಿದರೆ ತಾಸಿಗೆ ಸುಮಾರು 46 ರೂಪಾಯಿ.

ಈಗ ಒಂದು ಕಾರ್ಡು ತೆಗೆದುಕೊಳ್ಳಿ. ದಪ್ಪ ಹಾಳೆ, ಬಣ್ಣದ ಕಾಗದ, ಅಂಟು, ಮಣಿ, ಲಕೋಟೆ ಎಲ್ಲ ಸೇರಿ 14 ರೂಪಾಯಿಯ ಸಾಮಾನು ಎಂದಿಟ್ಟುಕೊಳ್ಳೋಣ. ಹೂವಿನ ಒಂದೊಂದು ಎಸಳು ಕತ್ತರಿಸಿ, ಸುರುಳಿ ಸುತ್ತಿ, ಅಂಟಿಸಿ ಮುಗಿಸಲು 40 ನಿಮಿಷ ಬೇಕು ಎಂದುಕೊಳ್ಳಿ. ಇಂತಹ ಕಾರ್ಡನ್ನು ನಮ್ಮ ಮೇಳಗಳಲ್ಲಿ 20 ರೂಪಾಯಿಗೆ ಕೊಟ್ಟುಬಿಡುವವರಿದ್ದಾರೆ. ಸಾಮಾನಿನ ಖರ್ಚು ಕಳೆದರೆ ಕೈಗೆ ಉಳಿಯುವುದು 6 ರೂಪಾಯಿ. ಎಂಟು ತಾಸು ತಲೆ ಎತ್ತದೆ ಕೂತರೆ ಇಂತಹ 12 ಕಾರ್ಡು ಆಗುತ್ತವೆ. ಅಂದರೆ ದಿನದ ಗಳಿಕೆ 72 ರೂಪಾಯಿ. ಕೆರೆ ಹೂಳೆತ್ತುವ ಕೂಲಿಯ ಐದನೇ ಒಂದು ಭಾಗಕ್ಕೂ ಇದು ಸಮವಲ್ಲ. ಅದೂ 12 ಕಾರ್ಡುಗಳೂ ಮಾರಾಟವಾದರೆ!

ಹಾಗಾದರೆ ಅದರ ಸರಿಯಾದ ಬೆಲೆ ಎಷ್ಟು? 40 ನಿಮಿಷದ ಕೂಲಿ 31 ರೂಪಾಯಿ, ಸಾಮಾನು 14, ಬಸ್ ಚಾರ್ಜು, ಮಳಿಗೆ ಬಾಡಿಗೆ, ಕೆಟ್ಟುಹೋದ ಹಾಳೆ, ಮಾರಾಟವಾಗದೆ ಉಳಿದ ಕಾರ್ಡು ಇವಕ್ಕೆಲ್ಲ ಒಂದು 10 ರೂಪಾಯಿ. ಒಟ್ಟು 55. ಇದರ ಮೇಲೆ ಸ್ವಲ್ಪ ಲಾಭ ಇಟ್ಟರೆ 65 ರೂಪಾಯಿ. "ಇಷ್ಟ್ಯಾಕ್ರೀ? ಅಂಗಡಿಯಾಗ ಇಪ್ಪತ್ತಕ್ಕ ಸಿಗತೈತಿ" ಎಂದು ಗಿರಾಕಿ ಹೇಳುವುದು ಖಂಡಿತ. ಅವರು ಹೇಳುವುದರಲ್ಲೂ ತಪ್ಪಿಲ್ಲ. ಅಚ್ಚಿನ ಯಂತ್ರದ ಜೊತೆ ಕತ್ತರಿ ಪೈಪೋಟಿ ಮಾಡಲಾಗದು.

ಇಲ್ಲಿ ಎರಡು ದಾರಿ. ಒಂದು, ನಮ್ಮ ಕೂಲಿಯನ್ನು ಬಿಟ್ಟುಕೊಟ್ಟು ಬೆಲೆ ಇಳಿಸುವುದು. ನಾವು ಇಷ್ಟು ದಿನ ಮಾಡಿದ್ದು ಅದನ್ನೇ. ಇನ್ನೊಂದು, ಹೊತ್ತನ್ನು ಇಳಿಸುವುದು. 40 ನಿಮಿಷದ ಕಾರ್ಡನ್ನು ಯಾರಾದರೂ ಹೇಳಿ ಮಾಡಿಸಿದಾಗ ಮಾತ್ರ ಮಾಡಬೇಕು, ಅದಕ್ಕೆ ತಕ್ಕ ಬೆಲೆ ಮೊದಲೇ ಹೇಳಬೇಕು. ಮೇಳದ ಟೇಬಲ್ಲಿಗೆ 12 ನಿಮಿಷದಲ್ಲಿ ಮುಗಿಯುವ ಕಾರ್ಡು ಬೇಕು. ಅದಕ್ಕೆ ಸಾಮಾನು 8 ರೂಪಾಯಿ, ಕೂಲಿ 9, ಇತರ ಖರ್ಚು 5, ಒಟ್ಟು 22. ಮಾರಾಟ ಬೆಲೆ 30 ರೂಪಾಯಿ. ಒಂದೇ ಅಚ್ಚು, ಒಂದೇ ಬಗೆಯ ಮಡಿಕೆ, ಬಣ್ಣ ಮಾತ್ರ ಬೇರೆ ಬೇರೆ. ಮಕ್ಕಳಿಗೆ 10 ರೂಪಾಯಿಯ ಪುಸ್ತಕದ ಗುರುತುಪಟ್ಟಿ, ನಡುವೆ 30ರ ಕಾರ್ಡು, ಹಿಂದೆ ನೋಡುವವರಿಗೆಂದು 150ರ ಒಂದೆರಡು ದೊಡ್ಡ ಕಾರ್ಡು. ಆ ದೊಡ್ಡ ಕಾರ್ಡು ಮಾರಾಟವಾಗದಿದ್ದರೂ ಜನರನ್ನು ನಿಲ್ಲಿಸುತ್ತದೆ.

ಮಾದರಿ ತೋರಿಸಿ ಗೆದ್ದವಳು

ಇದು ನಮ್ಮ ಕಾಲದ, ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಗ್ರೀಟಿಂಗ್ ಕಾರ್ಡು ಎಂಬ ವ್ಯಾಪಾರ ಹುಟ್ಟಿದಾಗಲೇ ಇದೇ ಪ್ರಶ್ನೆಗಳಿದ್ದವು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಕಳಿಸುವ ವ್ಯವಸ್ಥೆ ಬಂತು. ಮೂರೇ ವರ್ಷಕ್ಕೆ, 1843ರಲ್ಲಿ, ಹೆನ್ರಿ ಕೋಲ್ ಎಂಬ ಅಧಿಕಾರಿ ಚಿತ್ರಕಾರರೊಬ್ಬರಿಂದ ಬರೆಯಿಸಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದ. ಒಂದಕ್ಕೆ ಒಂದು ಶಿಲ್ಲಿಂಗ್. ಅಂಚೆಗಿಂತ ಹನ್ನೆರಡು ಪಟ್ಟು ದುಬಾರಿ!

ನಮಗೆ ಇನ್ನೂ ಹತ್ತಿರದವಳೆಂದರೆ ಅಮೆರಿಕದ ಎಸ್ತರ್ ಹೌಲ್ಯಾಂಡ್. 1847ರಲ್ಲಿ ಓದು ಮುಗಿಸಿ ಮನೆಗೆ ಬಂದ ಹುಡುಗಿ. ತಂದೆಗೆ ವೂಸ್ಟರ್ ಊರಲ್ಲಿ ಪುಸ್ತಕ, ಕಾಗದದ ಅಂಗಡಿ. ಇಂಗ್ಲೆಂಡಿನಿಂದ ಬಂದಿದ್ದ ಒಂದು ವ್ಯಾಲೆಂಟೈನ್ ಕಾರ್ಡು ನೋಡಿ, ಇದನ್ನು ನಾನೂ ಮಾಡಬಲ್ಲೆ ಅಂದುಕೊಂಡಳು. ಒಂದಷ್ಟು ಮಾದರಿ ಮಾಡಿ, ಅಂಗಡಿಯ ಸಾಮಾನು ಮಾರಲು ಊರೂರು ಸುತ್ತುತ್ತಿದ್ದ ಅಣ್ಣನ ಕೈಗೆ ಕೊಟ್ಟಳು. 200 ಡಾಲರ್ ಆರ್ಡರ್ ಬಂದರೆ ಸಾಕು ಎಂದುಕೊಂಡಿದ್ದಳಂತೆ. ಅಣ್ಣ ತಂದದ್ದು 5,000 ಡಾಲರಿಗೂ ಮೀರಿದ ಆರ್ಡರ್ ಎಂದು ಅವಳ ಕಥೆ ಹೇಳುವವರೆಲ್ಲ ಹೇಳುತ್ತಾರೆ.

ಒಬ್ಬಳೇ ಕೂತರೆ ಅಷ್ಟು ಕಾರ್ಡು ಆಗುವುದಿಲ್ಲ. ಅವಳು ಗೆಳತಿಯರನ್ನು ಮನೆಗೆ ಕರೆದಳು. ಒಬ್ಬಳು ಚಿತ್ರ ಕತ್ತರಿಸುವುದು, ಒಬ್ಬಳು ಜಾಲರಿ ಕಾಗದ ಅಂಟಿಸುವುದು, ಒಬ್ಬಳು ಹೂವು ಜೋಡಿಸುವುದು. ಒಂದೇ ಮೇಜಿನ ಸುತ್ತ ಕೆಲಸ ಹಂಚಿಕೆಯಾಯಿತು. ಮುಂದೆ ಅದು ಮೂರು ದಶಕಗಳ ಕಾಲ ನಡೆದ ದೊಡ್ಡ ಉದ್ಯಮವಾಯಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಡಾಲರಿನ ಮೊತ್ತವನ್ನಲ್ಲ. ಅವಳು ಮೊದಲು ಮಾದರಿ ಮಾಡಿದಳು, ತೋರಿಸಿದಳು, ಆರ್ಡರ್ ಬಂದ ಮೇಲೆ ರಾಶಿ ಮಾಡಿದಳು. ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ. ತಿಂಗಳುಗಟ್ಟಲೆ ಕೂತು ಇನ್ನೂರು ಕಾರ್ಡು ಮಾಡಿ, ಆಮೇಲೆ ಯಾರು ಕೊಳ್ಳುತ್ತಾರೆಂದು ಹುಡುಕುತ್ತೇವೆ. ಇನ್ನೊಂದು, ಅವಳು ಒಬ್ಬಳೇ ಮಾಡಲಿಲ್ಲ. ನಮ್ಮಲ್ಲಿ ನಾಲ್ವರು ಗೆಳತಿಯರು ನಾಲ್ಕು ಟೇಬಲ್ ಹಾಕಿ, ಒಂದೇ ಬಗೆಯ ಗುಲಾಬಿ ಕಾರ್ಡನ್ನು ಒಬ್ಬರಿಗಿಂತ ಒಬ್ಬರು ಕಡಿಮೆ ಬೆಲೆಗೆ ಮಾರುತ್ತಾರೆ.

ಕನಿಕರದ ಗಿರಾಕಿ ಬೇಡ

ಮೇಳಗಳಲ್ಲಿ ಒಂದು ಬಗೆಯ ಗಿರಾಕಿ ಇದ್ದಾರೆ. "ಪಾಪ, ಹುಡುಗರು ಮಾಡ್ಯಾರ, ಒಂದು ತಗೊಳ್ಳೋಣ" ಎಂದು ಬರುವವರು. ಅವರ ಮನಸ್ಸು ಒಳ್ಳೆಯದು. ಆದರೆ ಅವರು ಕೊಂಡ ಕಾರ್ಡು ಕಪಾಟು ಸೇರುತ್ತದೆ, ಎರಡನೇ ಬಾರಿ ಅವರು ಬರುವುದಿಲ್ಲ. ಕನಿಕರಕ್ಕೆ ಒಮ್ಮೆ ಮಾರಬಹುದು, ಎರಡನೇ ಬಾರಿಗೆ ಸರಕು ಚೆನ್ನಾಗಿರಬೇಕು.

ಸದುದ್ದೇಶಕ್ಕೆ ಕಾರ್ಡು ಮಾರಿದ ಸಂಸ್ಥೆಗಳಿಗೂ ಇದು ಗೊತ್ತಿತ್ತು. ಯುನಿಸೆಫ್‌ನ ಮೊದಲ ಕಾರ್ಡು 1949ರದು. ಯುದ್ಧದಿಂದ ನಲುಗಿದ್ದ ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಬರೆದ ಚಿತ್ರ ಅದರ ಮೇಲಿತ್ತು. ನಮ್ಮ ದೇಶದಲ್ಲಿ 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು ಆರಂಭಿಸಿದ ಕ್ರೈ ಸಂಸ್ಥೆ ಬಹುಕಾಲ ಗ್ರೀಟಿಂಗ್ ಕಾರ್ಡುಗಳ ಮಾರಾಟದಿಂದಲೇ ಮಕ್ಕಳ ಕೆಲಸಕ್ಕೆ ಹಣ ಹೊಂದಿಸಿತು. ಕೈಯಿಲ್ಲದೆ, ಬಾಯಿಯಿಂದ ಇಲ್ಲವೇ ಕಾಲಿನಿಂದ ಚಿತ್ರ ಬರೆಯುವ ಕಲಾವಿದರು 1950ರ ದಶಕದಲ್ಲಿ ಯುರೋಪಿನಲ್ಲಿ ಒಂದಾಗಿ ಸಂಘ ಕಟ್ಟಿಕೊಂಡಾಗ, ತಮಗೆ ದಾನ ಬೇಡ, ದುಡಿಮೆಯ ದುಡ್ಡು ಬೇಕು ಎಂಬುದನ್ನೇ ತತ್ವವಾಗಿಸಿಕೊಂಡರು. ಅವರ ಕಾರ್ಡುಗಳು ಭಾರತದಲ್ಲೂ ಮಾರಾಟವಾಗುತ್ತವೆ. ಅಷ್ಟು ಕಷ್ಟದಲ್ಲಿರುವವರೇ ಕನಿಕರ ಬೇಡ ಅಂದಿರುವಾಗ, ಎರಡು ಕೈ, ಒಂದು ಡಿಗ್ರಿ ಇರುವ ನಾವು ಅದನ್ನು ನೆಚ್ಚಿ ಕೂರುವುದು ಸರಿಯೇ?

ನಮ್ಮದೇ ಸರಕು, ನಮ್ಮದೇ ಸಂದರ್ಭ

ಹಾಗಾದರೆ ಏನು ಮಾಡಬೇಕು? ನಮ್ಮ ಟೇಬಲ್ಲುಗಳ ಮೇಲೆ ಈಗ ಏನಿದೆ ನೋಡಿ. ಟೆಡ್ಡಿ ಬೇರ್, ಕೆಂಪು ಹೃದಯ, ಮಿಂಚುವ ಪುಡಿಯಲ್ಲಿ ಬರೆದ ಹ್ಯಾಪಿ ಬರ್ತ್‌ಡೇ. ಯೂಟ್ಯೂಬ್ ನೋಡಿ ಕಲಿತದ್ದು. ಅದೇ ಕಾರ್ಡು ಅಂಗಡಿಯಲ್ಲಿ ಇನ್ನೂ ನೀಟಾಗಿ, ಇನ್ನೂ ಅಗ್ಗವಾಗಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದೇ ಇರುವುದನ್ನು ಕೊಟ್ಟರೆ ಮಾತ್ರ ನಮ್ಮ ಟೇಬಲ್ಲಿಗೆ ಅರ್ಥ.

ಕುಷ್ಟಗಿಯವರಿಗೆ ಅಂಥದ್ದನ್ನು ಹುಡುಕಲು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಇಳಕಲ್. ನಮ್ಮ ತಾಲ್ಲೂಕಿನ ದೋಟಿಹಾಳದಂತಹ ಊರುಗಳಲ್ಲೂ ನೇಕಾರರಿದ್ದಾರೆ. ಇಳಕಲ್ ಸೀರೆಯ ಟೋಪ ತೆನೆ ಸೆರಗಿನ ಸಾಲು ಸಾಲು ಗೋಪುರದಂತಹ ವಿನ್ಯಾಸ, ಗೋಮಿ ದಡಿ, ಚಿಕ್ಕಿ ಪರಾಸ ಇವನ್ನು ಕಾಗದದ ಮೇಲೆ ತಂದರೆ ಯಾವ ಯಂತ್ರದ ಕಾರ್ಡೂ ಅದರ ಮುಂದೆ ನಿಲ್ಲದು. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದ ಮೇಲೆ ಟೇಲರ್ ಅಂಗಡಿಯಲ್ಲಿ ಚೂರುಗಳು ಉಳಿಯುತ್ತವೆ. ಅಂಗೈಯಗಲದ ಒಂದು ಚೂರು ಸಾಕು, ಕಾರ್ಡಿನ ಮುಖವೇ ಬದಲಾಗುತ್ತದೆ. ಕಸೂತಿ ಬಲ್ಲ ಅಜ್ಜಿ, ಅತ್ತೆ ಎಷ್ಟೋ ಮನೆಗಳಲ್ಲಿ ಇನ್ನೂ ಇದ್ದಾರೆ. ದಪ್ಪ ಹಾಳೆಗೆ ಸೂಜಿಯಿಂದ ತೂತು ಮಾಡಿಕೊಂಡು ಗವಂತಿ, ಮುರಗಿ ಹೊಲಿಗೆಯಲ್ಲಿ ತುಳಸಿ ಕಟ್ಟೆ, ತೇರು, ಆನೆಯನ್ನು ಕಾಗದದ ಮೇಲೂ ಮೂಡಿಸಬಹುದು. ಗಂಗಾವತಿ ಕಡೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಮಹಿಳೆಯರಿಗೆ ಬಾಳೆ ನಾರಿನ ಕರಕುಶಲ ಕೆಲಸ ಕಲಿಸಿದೆ. ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುತ್ತಿದ್ದ ದಿಂಡಿನಿಂದ ಬುಟ್ಟಿ, ಚೀಲ ಆಗುತ್ತವೆ. ಅದೇ ನಾರಿನ ಒಂದು ಎಳೆ ನಮ್ಮ ಕಾರ್ಡಿಗೆ ಕಟ್ಟುವ ದಾರವಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಇಳಕಲ್ ಸೀರೆ, ಕಸೂತಿ, ನಮ್ಮ ಜಿಲ್ಲೆಯದೇ ಆದ ಕಿನ್ನಾಳದ ಗೊಂಬೆ ಈ ಮೂರಕ್ಕೂ ಜಿಐ ಟ್ಯಾಗ್ ಇದೆ. ಅಂದರೆ ಆ ಹೆಸರಿನಲ್ಲಿ ಮಾರುವ ಹಕ್ಕು ಅದನ್ನು ತಲೆತಲಾಂತರದಿಂದ ಮಾಡುತ್ತ ಬಂದವರದು. ಕಿನ್ನಾಳದ ಗೊಂಬೆ ನೋಡಿ ನಾವೇ ಒಂದು ಚಿತ್ರ ಬರೆದು "ಕಿನ್ನಾಳ ಕಲೆ" ಎಂದು ಮಾರುವುದು ಆ ಚಿತ್ರಗಾರರ ಅನ್ನಕ್ಕೆ ಕೈ ಹಾಕಿದಂತೆ. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಣ್ಣ ಹಾಕುವ ಆ ಕೆಲಸ ಕಲಿಯಲು ವರ್ಷಗಳು ಬೇಕು. ಬೇಕಿದ್ದರೆ ಅವರ ಬಳಿ ಹೋಗಿ ಕೇಳಿ, ಅವರಿಂದಲೇ ಚಿತ್ರ ಬರೆಯಿಸಿ, ಹಣ ಕೊಟ್ಟು, ಕಾರ್ಡಿನ ಹಿಂದೆ ಅವರ ಹೆಸರು ಹಾಕೋಣ. ನಮ್ಮ ಶ್ರಮಕ್ಕೆ ಬೆಲೆ ಕೇಳುವವರು ಇನ್ನೊಬ್ಬರ ಶ್ರಮಕ್ಕೂ ಬೆಲೆ ಕೊಡಬೇಕಲ್ಲವೇ?

ಸಂದರ್ಭಗಳೂ ನಮ್ಮವೇ ಆಗಿರಲಿ. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು, ಸಂಕ್ರಾಂತಿಗೆ ಕುಸುರೆಳ್ಳು ಹಂಚಿ ಒಳ್ಳೆಯ ಮಾತಾಡೋಣ ಎನ್ನುವುದು, ಬಸುರಿಗೆ ಕುಬಸ, ಹೊಸ ಮನೆಯ ಪ್ರವೇಶ, ನಿವೃತ್ತರಾಗುವ ಮೇಷ್ಟ್ರಿಗೆ ಬೀಳ್ಕೊಡುಗೆ, ಪೊಲೀಸ್ ತರಬೇತಿಗೆ ಹೊರಟ ಗೆಳೆಯನಿಗೆ ಶುಭಾಶಯ. ಇವಕ್ಕೆ ಅಂಗಡಿಯಲ್ಲಿ ಯಾವ ಕಾರ್ಡು ಸಿಗುತ್ತದೆ? ಬನ್ನಿ ಎಲೆಯನ್ನು ಹಾಳೆಯ ನಡುವೆ ಒಣಗಿಸಿ ಅಂಟಿಸಿದ ಕಾರ್ಡು, ಕುಸುರೆಳ್ಳಿನ ಸಣ್ಣ ಪೊಟ್ಟಣ ಸಿಕ್ಕಿಸಲು ಜೇಬು ಇರುವ ಕಾರ್ಡು, ನಮ್ಮ ಮಾತಿನಲ್ಲೇ ಎರಡು ಸಾಲು. ಊರು ಬಿಟ್ಟು ಬೆಂಗಳೂರು, ಪುಣೆ, ಗೋವಾ ಸೇರಿದವರಿಗೆ ಇದನ್ನು ಕಳಿಸಿದರೆ ವಾಟ್ಸ್‌ಆ್ಯಪ್ ಚಿತ್ರದ ಹಾಗೆ ಅಳಿಸಿ ಹಾಕುವುದಿಲ್ಲ.

ಟೇಬಲ್ ಹೇಗಿರಬೇಕು?

ಸರಕು ಚೆನ್ನಾಗಿದ್ದರೂ ಕಾಣಿಸದಿದ್ದರೆ ಮಾರಾಟವಾಗದು. ಕೆಲವು ಸರಳ ಸಂಗತಿಗಳಿವೆ. ಇವಕ್ಕೆ ಖರ್ಚು ಏನೂ ಇಲ್ಲ.

ಕಾರ್ಡುಗಳನ್ನು ಟೇಬಲ್ ಮೇಲೆ ಮಲಗಿಸಬೇಡಿ. ನಡೆದು ಹೋಗುವವರ ಕಣ್ಣಿಗೆ ಅವು ಬರೀ ಕಾಗದದ ಅಂಚು. ಎರಡು ಕೋಲಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿ. ಇಲ್ಲವೇ ರಟ್ಟಿನ ಡಬ್ಬಿಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಮೇಲೆ ಒಂದು ಹಳೆಯ ಇಳಕಲ್ ಸೀರೆ ಹಾಸಿ, ಕಾರ್ಡುಗಳನ್ನು ನಿಲ್ಲಿಸಿ. ನಮ್ಮ ಕಡೆಯ ಗಾಳಿ, ಧೂಳು ಗೊತ್ತಲ್ಲ, ಮಾರುವ ಕಾರ್ಡು ಪಾರದರ್ಶಕ ಕವರಿನಲ್ಲಿರಲಿ. ಆದರೆ ಪ್ರತಿ ಬಗೆಯದೂ ಒಂದು ಕಾರ್ಡು ಕವರಿಲ್ಲದೆ, ಮುಟ್ಟಿ ನೋಡಲು ಇರಲಿ. ಕೈಕೆಲಸವನ್ನು ಕೈಯಿಂದ ಮುಟ್ಟದೆ ಯಾರೂ ಕೊಳ್ಳುವುದಿಲ್ಲ.

ಪ್ರತಿ ಕಾರ್ಡಿನ ಬೆನ್ನಿಗೆ ಮೂರು ಸಂಗತಿ ಬರೆದಿರಲಿ: ಮಾಡಿದವರ ಹೆಸರು, ಕುಷ್ಟಗಿ ಎಂಬ ಊರಿನ ಹೆಸರು, ಬೆಲೆ. ಬೆಲೆ ಕೇಳಲು ಗಿರಾಕಿಗೂ ಸಂಕೋಚ ಇರುತ್ತದೆ, ಕೇಳಿ ಬೇಡ ಅಂದರೆ ಹುಡುಗಿಗೆ ಬೇಸರವಾದೀತು ಎಂದು ಎಷ್ಟೋ ಜನ ಕೇಳದೆಯೇ ಹೋಗುತ್ತಾರೆ. ಬರೆದ ಬೆಲೆ ಇಬ್ಬರ ಸಂಕೋಚವನ್ನೂ ಕಳೆಯುತ್ತದೆ.

ಅಳತೆ, ತೂಕ ನೋಡಿಕೊಳ್ಳಿ. ಅಂಚೆಯಲ್ಲಿ ಸಾಧಾರಣ ಪತ್ರ 20 ಗ್ರಾಂವರೆಗೆ 5 ರೂಪಾಯಿ. 250 ಜಿಎಸ್‌ಎಂ ದಪ್ಪದ ಒಂದು ಎ4 ಹಾಳೆಯ ತೂಕ ಸುಮಾರು 15.6 ಗ್ರಾಂ. ಅದನ್ನು ಎರಡು ಮಾಡಿ, ಒಂದೊಂದು ತುಂಡನ್ನೂ ಮಡಿಸಿದರೆ ಎರಡು ಕಾರ್ಡು, ತಲಾ 8 ಗ್ರಾಂಗೂ ಕಡಿಮೆ. ಲಕೋಟೆ, ಅಲಂಕಾರ ಸೇರಿಸಿದರೂ 20 ಗ್ರಾಂ ಒಳಗೆ ಇರಿಸಬಹುದು. ದಪ್ಪ ಮಣಿ, ಗಾಜಿನ ಚೂರು ಅಂಟಿಸಿದ ಕಾರ್ಡು ಅಂಚೆಯ ಸೀಲಿನ ಪೆಟ್ಟಿಗೆ ಉಳಿಯದು. ಕೊಂಡವರು ಅದನ್ನು ಯಾರಿಗಾದರೂ ಕಳಿಸಬೇಕು ತಾನೇ?

ಟೇಬಲ್ ಮೇಲೆ ಒಂದು ಪೆನ್ನು, ಒಂದಿಷ್ಟು ಅಂಚೆ ಚೀಟಿ, ಚಿಲ್ಲರೆ, ಯುಪಿಐ ಕ್ಯೂಆರ್ ಕೋಡ್ ಇರಲಿ. "ಇಲ್ಲೇ ಬರೆದು ಕೊಡ್ರಿ, ನಾವ ಪೋಸ್ಟ್ ಮಾಡ್ತೀವಿ" ಅಂದರೆ ಅರ್ಧ ಗಿರಾಕಿಗಳ ಆಲಸ್ಯ ಅಲ್ಲೇ ಕರಗುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ಕೈಯಲ್ಲಿ ಕತ್ತರಿ, ಕಾಗದ ಇರಲಿ. ಕಾರ್ಡು ಮಾಡುವುದನ್ನು ಜನ ನಿಂತು ನೋಡುತ್ತಾರೆ, ನೋಡಿದವರಿಗೆ ಬೆಲೆ ಯಾಕೆ 30 ಎಂದು ವಿವರಿಸಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಕಾರ್ಡು ಎಷ್ಟು ಜನ ಎತ್ತಿಕೊಂಡರು, ಎಷ್ಟು ಜನ ಕೊಂಡರು, ಏನು ಕೇಳಿದರು ಬರೆದಿಡಿ. ಮುಂದಿನ ಮೇಳಕ್ಕೆ ಏನು ಮಾಡಬೇಕು ಎಂಬ ಪ್ರಶ್ನೆಪತ್ರಿಕೆಗೆ ಅದೇ ಕೀ ಉತ್ತರ.

ಉದ್ಯೋಗವೇ ಇದು?

ಈಗ ಕಷ್ಟದ ಪ್ರಶ್ನೆ. "ಇದರಿಂದ ಹೊಟ್ಟಿ ತುಂಬತೈತೇನು?" ಎಂದು ಅಪ್ಪ ಕೇಳುತ್ತಾರೆ. ಸುಳ್ಳು ಆಸೆ ಹುಟ್ಟಿಸುವ ಯಶೋಗಾಥೆಗಳು ಬೇಕಾದಷ್ಟಿವೆ. ನಾವು ನಿಜವಾದ ಲೆಕ್ಕ ಹೇಳೋಣ. ಎರಡು ದಿನದ ಮೇಳದಲ್ಲಿ 30 ರೂಪಾಯಿಯ 100 ಕಾರ್ಡು ಮಾರಿದಿರಿ ಎಂದುಕೊಳ್ಳಿ. ಬಂದ ಹಣ 3,000. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ಸಿಗುವ ಮೊತ್ತವೂ ಇಷ್ಟೇ. ಆದರೆ ಬಂದ ಹಣವೇ ಗಳಿಕೆಯಲ್ಲ. ಸಾಮಾನಿಗೆ 800, ಇತರ ಖರ್ಚಿಗೆ 500 ಕಳೆದರೆ ಉಳಿಯುವುದು 1,700. ಅದಕ್ಕೆ ಕಾರ್ಡು ಮಾಡಲು 20 ತಾಸು, ಮಳಿಗೆಯಲ್ಲಿ ನಿಲ್ಲಲು 16 ತಾಸು, ಒಟ್ಟು 36 ತಾಸಿನ ದುಡಿಮೆ. ತಾಸಿಗೆ 47 ರೂಪಾಯಿ. ಸರಿಯಾಗಿ ಲೆಕ್ಕ ಹಾಕಿ ಬೆಲೆ ಇಟ್ಟು, ನೂರಕ್ಕೆ ನೂರೂ ಮಾರಾಟವಾದರೂ ಸಿಗುವುದು ಉದ್ಯೋಗ ಖಾತ್ರಿಯ ಕೂಲಿಯಷ್ಟು. ಮಳಿಗೆ ಬಾಡಿಗೆ ಸ್ವಲ್ಪ ಹೆಚ್ಚಾದರೆ ಅದೂ ಇಲ್ಲ.

ಆದ್ದರಿಂದ ಓದು ಬಿಟ್ಟು ಕಾರ್ಡು ಮಾಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಗೆ ಓದುವವರು ಓದಲೇಬೇಕು. ಆದರೆ ಯುವನಿಧಿ ಹೆಚ್ಚೆಂದರೆ ಎರಡು ವರ್ಷ. ಒಂದು ನೇಮಕಾತಿ ಮುಗಿಯಲು ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆ ನಡುವಿನ ಕಾಲದಲ್ಲಿ ವರ್ಷಕ್ಕೆ ನಾಲ್ಕು ಮೇಳ, ನಾಲ್ಕು ಹಬ್ಬ ಎಂದು ಹಿಡಿದು ದುಡಿದರೆ ಅರ್ಜಿ ಶುಲ್ಕ, ಪುಸ್ತಕದ ದುಡ್ಡು ಮನೆಯಲ್ಲಿ ಕೇಳದೆ ಹುಟ್ಟುತ್ತದೆ. ಅದರ ಜೊತೆಗೆ ಅಸಲು ಎಷ್ಟು, ಲಾಭ ಎಷ್ಟು, ಬೇಡ ಅಂದ ಗಿರಾಕಿಯನ್ನು ಹೇಗೆ ಮಾತಾಡಿಸಬೇಕು, ಹೇಳಿದ ದಿನಕ್ಕೆ ಆರ್ಡರ್ ಹೇಗೆ ಮುಗಿಸಬೇಕು ಎಂಬುದು ಬರುತ್ತದೆ. ಬ್ಯಾಂಕಿಗೆ ಹೋಗಿ, ಕಂಪನಿಗೆ ಹೋಗಿ, ಸ್ವಂತ ಅಂಗಡಿ ಹಾಕಿ, ಇದು ಎಲ್ಲಿಯೂ ವ್ಯರ್ಥವಲ್ಲ.

ಸರ್ಕಾರದ ಯೋಜನೆಗಳತ್ತ ನೋಡುವವರಿಗೆ ಒಂದು ಮಾತು. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ಮೀಸಲು. ಗೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು ಅದರಲ್ಲಿದ್ದಾರೆ, ಕಾರ್ಡು ಮಾಡುವವರಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಸಣ್ಣ ಉದ್ಯಮವಾಗಿ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಲು ಶುಲ್ಕವಿಲ್ಲ. ಊರಿನ ಸಂಜೀವಿನಿ ಒಕ್ಕೂಟದ ಅಕ್ಕಂದಿರ ಜೊತೆ ಸೇರಿದರೆ ಸರಸ್ ಮೇಳದಂತಹ ದೊಡ್ಡ ಮಳಿಗೆಗಳ ದಾರಿ ತೆರೆಯುತ್ತದೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆಯ ಬದಿಯಲ್ಲೇ ಕೂತು ತಮ್ಮ ಚಿತ್ರ ತಾವೇ ಮಾರುತ್ತಾರೆ. ಅದನ್ನು ಒಮ್ಮೆ ಹೋಗಿ ನೋಡಿ ಬಂದರೂ ಬೆಲೆ ಹೇಳುವ ನಾಚಿಕೆ ಬಿಟ್ಟು ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂತು. ಕಾಗದ ತರಲು, ಕಾರ್ಡು ಒಯ್ಯಲು ಹುಬ್ಬಳ್ಳಿ ಈಗ ಮೊದಲಿನಷ್ಟು ದೂರವಲ್ಲ.

ದೊಡ್ಡವರಿಗೆ ಒಂದು ಬೇಡಿಕೆ

ಕೊನೆಗೆ, ಮೇಳ ನಡೆಸುವವರಿಗೆ ಮತ್ತು ನಮ್ಮ ಕಾಲೇಜುಗಳಿಗೆ ಮೂರು ಮಾತು. ಒಂದು, ಜಿಲ್ಲೆಯ ಉತ್ಸವಗಳಲ್ಲಿ ವಿದ್ಯಾರ್ಥಿಗಳಿಗೆಂದು ಒಂದು ಜಂಟಿ ಮಳಿಗೆ ಕೊಡಿ, ಬಾಡಿಗೆ ಇಲ್ಲದೆ. ಅದು ಊಟದ ಕೌಂಟರಿನ ಹಿಂದೆ ಇರದೆ ಜನ ನಡೆಯುವ ದಾರಿಯಲ್ಲಿರಲಿ. ಎರಡು, ವಿದ್ಯಾರ್ಥಿಗಳು ಮಾಡಿದ ಕಾರ್ಡನ್ನು ಅತಿಥಿಗಳ ಕೈಗೆ ಪುಕ್ಕಟೆ ಕೊಡಿಸುವ ಪದ್ಧತಿ ನಿಲ್ಲಲಿ. ಕಾಲೇಜಿನ ಪ್ರದರ್ಶನದಲ್ಲಿ ಇಟ್ಟ ಪ್ರತಿ ವಸ್ತುವಿಗೂ ಬೆಲೆ ಇರಲಿ, ಆ ಹಣ ಮಾಡಿದವರ ಕೈ ಸೇರಲಿ. ಮೂರು, ಹೊಸ ವರ್ಷಕ್ಕೆ, ಬೀಳ್ಕೊಡುಗೆಗೆ, ಸನ್ಮಾನಕ್ಕೆ ಶಾಲು, ಹಾರ, ಪ್ಲಾಸ್ಟಿಕ್ ಫಲಕಗಳಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ತೆಗೆದು ಊರಿನ ಹುಡುಗ ಹುಡುಗಿಯರಿಂದ ನೂರು ಕಾರ್ಡು ಮಾಡಿಸಿ. ಇಂತಹ ಒಂದು ಆರ್ಡರ್ ಹತ್ತು ಪ್ರೋತ್ಸಾಹದ ಭಾಷಣಗಳಿಗಿಂತ ಮೇಲು.

ನಮ್ಮ ಪಾಲಿನ ಕೆಲಸ ಇದಕ್ಕೆಲ್ಲ ಕಾಯಬೇಕಿಲ್ಲ. ಇವತ್ತು ಸಂಜೆ ಮನೆಯಲ್ಲಿರುವ ಕಾರ್ಡುಗಳನ್ನು ಹೊರಗೆ ತೆಗೆಯಿರಿ. ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಾಮಾನು ಹೋಯಿತು ನೆನಪು ಮಾಡಿಕೊಳ್ಳಿ. ಪೆನ್ಸಿಲ್ ತೆಗೆದುಕೊಂಡು ಬೆನ್ನಿಗೆ ನಿಮ್ಮ ಹೆಸರು, ಊರಿನ ಹೆಸರು, ಬೆಲೆ ಬರೆಯಿರಿ. ಮುಂದಿನ ಮೇಳದಲ್ಲಿ ಯಾರಾದರೂ "ಎಷ್ಟರೀ?" ಎಂದು ಕೇಳಿದರೆ ಮುಖ ನೋಡಿ ಹೇಳಿ: "ಮೂವತ್ತು ರೂಪಾಯಿ ರೀ."